ಐಸ್ ಬೇಡದವನು

ಬೆಳಗಿನ ನಾಲ್ಕೂವರೆಗೆ ಗುತ್ತಲು ರಸ್ತೆಯ ಐಸ್ ಫ್ಯಾಕ್ಟರಿಗೆ ಹೋಗುತ್ತೇನೆ,
ಎರಡು ಗೋಣಿಚೀಲ, ಒಂದಿಷ್ಟು ಭತ್ತದ ಹೊಟ್ಟು.
ನನ್ನದು ಕಬ್ಬಿನ ಹಾಲಿನ ಗಾಡಿ, ಹೊಳಲು ಸರ್ಕಲ್ಲಿನಲ್ಲಿ.

ಅಲ್ಲಿ ಕೊಕ್ಕೆ ಹಿಡಿದು ನಿಂತಿರುತ್ತಾನೆ ಕೆಂಪೀರಯ್ಯ.
ಮಿಲಿಟರಿ ಸ್ವೆಟರು, ಮೊಣಕೈಯಲ್ಲಿ ತೂತು.
ಅಚ್ಚಿನಿಂದ ಬಿಡಿಸಿದ ಗಡ್ಡೆ
ಒದ್ದೆ ಸಿಮೆಂಟಿನ ಮೇಲೆ ಜಾರಿ ಬಂದರೆ
ಅವನು ನೋಡುವುದೂ ಇಲ್ಲ.
ಮಂಡಿ ಮಡಿಸಿ ಅಡ್ಡ ಇಡುತ್ತಾನೆ, ನಿಲ್ಲುತ್ತದೆ,
ಎಮ್ಮೆಗೆ ಹೋ ಅಂದ ಹಾಗೆ.

"ಎಲ್ಲಿ ಕಲಿತೆ ಅಣ್ಣ?" ಅಂತ ಕೇಳಿ ಎರಡು ವರ್ಷವಾಯಿತು.
ಉತ್ತರ ಇನ್ನೂ ಮುಗಿದಿಲ್ಲ.
ಒಂದು ಗಡ್ಡೆ ಎರಡು ಹೋಳಾಗುವಷ್ಟು ಹೊತ್ತು,
ದಿನಕ್ಕೆ ಅಷ್ಟೇ ಹೇಳುತ್ತಾನೆ.

ಇಪ್ಪತ್ತೊಂದಕ್ಕೆ ಲಡಾಖಿಗೆ ಹಾಕಿದರಂತೆ.
ಅಲ್ಲೊಂದು ಕೆರೆ,
ಯಾರೋ ರಾತ್ರಿ ಹೆಪ್ಪು ಬಿಟ್ಟು ಮುಚ್ಚಿಟ್ಟ ಹಾಗೆ.
ಅದರ ಮೇಲೆ ಹಾಕಿ ಆಟ, ಬೂಟಿನಡಿ ಅಲಗು ಕಟ್ಟಿಕೊಂಡು.
ಚೆಂಡಿಲ್ಲ, ಕುಂಟೆಬಿಲ್ಲೆಯಂಥದೊಂದು ಕರೀ ರಬ್ಬರು.

"ಏನು ಕೆಲಸ ಗೊತ್ತೋ ನಿಂಗೆ?" ಅಂದನಂತೆ ಸುಬೇದಾರ.
"ಗದ್ದೆಗೆ ನೀರು ಕಟ್ಟದು, ಸಾ."
"ಹಂಗಾರೆ ಕಟ್ಟು."

ಶುರುವಾದದ್ದು ಹಾಗೆ. ನಡುರಾತ್ರಿ, ಬಕೆಟ್ಟು,
ಕೆರೆಯ ಮೈಗೆ ಒಂದು ಪದರ ನೀರು, ಬಿರುಕು ಮುಚ್ಚುವಷ್ಟು.
ಬದು ಇಲ್ಲ, ತೂಬು ಇಲ್ಲ,
ಪಕ್ಕದ ಗದ್ದೆಯವನ ಜಗಳ ಇಲ್ಲ,
ಸುರಿದದ್ದು ಸುರಿದಲ್ಲೇ ಕಲ್ಲು.
"ನಮ್ ನಾಲೆ ನೀರು ಹಿಂಗೆ ಯೋಳ್ದಂಗೆ ಕೇಳಿದ್ರೆ..."
ಅಂದು ನಕ್ಕ. ಆ ದಿನ ಅಷ್ಟಕ್ಕೇ ನಿಲ್ಲಿಸಿದ.

ಎರಡನೇ ಚಳಿಗಾಲ ಗೋಲು ಕಾಯುವವನ ಹೆಗಲು ಮುರಿಯಿತು.
"ನಿಲ್ಲಕ್ಕೆ ಬತ್ತದಾ?"
"ಬತ್ತದೆ ಸಾ. ಓಡಕ್ಕೆ ಬರಕಿಲ್ಲ."
ಓಡಬೇಡ ಅಂದರು.

ಕಾಲಿಗೆ ಕ್ರಿಕೆಟ್ ಪ್ಯಾಡು, ಎದೆಗೆ ಹಳೇ ಹಾಸಿಗೆಯ ಹತ್ತಿ.
ಹನ್ನೊಂದು ಚಳಿಗಾಲ ನಿಂತ.
ರೆಜಿಮೆಂಟಿಗೆ ನಿಂತ, ಆಮೇಲೆ ದೊಡ್ಡ ತಂಡಕ್ಕೆ.
ಸಂಬಳ ಬಂದದ್ದು ಬಂದೂಕಿಗೆ,
ಮೈ ನೀಲಿಗಟ್ಟಿದ್ದು ಬಿಲ್ಲೆಗೆ.

ರಜೆಯಲ್ಲಿ ಊರಿಗೆ ಬಂದು ಹೇಳಿದರೆ
ಆಲೆಮನೆಯವರು ನಕ್ಕರು:
ಐಸಿನ ಮ್ಯಾಲೆ ಹಾಕಿಯಾ? ಕ್ಯಾಂಟೀನ್ ರಮ್ಮು ಜಾಸ್ತಿ ಆಗದೆ!
ಅವ್ವ ಒಬ್ಬಳೇ ಕೇಳಿದಳು,
"ಕಾಲಿಗೇನು ಹಾಕ್ಕತೀಯ ಮಗ?"

"ಎಷ್ಟು ತಡೆದೆ ಅಣ್ಣ?" ಅಂದೆ ಒಂದು ದಿನ.
"ತಡೆದದ್ದ ಯಾರು ಎಣಿಸ್ತಾರೆ ಚಿಕ್ತಾಯಿ?
ಒಳೀಕೆ ಹೋದವು ಎಂಬತ್ತ್‌ಮೂರು."
ಒಂದೊಂದೂ ಗೊತ್ತು ಅವನಿಗೆ, ಸಾಲಗಾರರ ಮುಖದ ಹಾಗೆ.
ನಲವತ್ತನೆಯದು, ಬಿಸಿಲು ಕಣ್ಣಿಗೆ ಹೊಡೆದು.
ಐವತ್ತೆರಡರ ದಿನ
ಅವ್ವ ಹೋದ ಸುದ್ದಿ ಜೇಬಿನಲ್ಲಿತ್ತು,
ಆಟ ಮುಗಿಯಲಿ ಅಂತ ಯಾರಿಗೂ ಹೇಳಿರಲಿಲ್ಲ.
ಕೊನೆಯದು ಎರಡು ಮಂಡಿಗಳ ನಡುವೆ.
ಮಡಿಸಬೇಕಾದ ಎಡಮಂಡಿ ಮಡಿಸಲಿಲ್ಲ,
ಆಮೇಲೂ ಮಡಿಸಲಿಲ್ಲ.

ಗಡ್ಡೆ ತಡೆಯುವುದು ಯಾವಾಗಲೂ ಬಲಗಾಲು.
ಎರಡು ವರ್ಷದಿಂದ ನೋಡುತ್ತಿದ್ದೇನೆ,
ನನಗೆ ಕಂಡಿರಲಿಲ್ಲ.

ಭಾನುವಾರ ಅವನೇ ಗಾಡಿಗೆ ಬರುತ್ತಾನೆ.
ಗಾಣ ತಿರುಗುತ್ತದೆ, ಗೆಜ್ಜೆ ಝಲ್ಲೆನ್ನುತ್ತದೆ,
ಶುಂಠಿ ಒಂದು ತುಂಡು, ನಿಂಬೆ ಅರ್ಧ ಹೋಳು.
"ಐಸ್ ಬ್ಯಾಡ ಕಣವ್ವ, ಹಲ್ಲು ಜುಂ ಅಂತದೆ."
ದುಡ್ಡು ಬೇಡವೆಂದರೂ ಇಟ್ಟು ಹೋಗುತ್ತಾನೆ,
ಚಿಲ್ಲರೆ ಎಣಿಸಿ.

ನಿನ್ನೆ ಮಧ್ಯಾಹ್ನ ಮೈಸೂರಿನ ಬಸ್ಸು ನಿಂತು ಜನ ಮುತ್ತಿದ್ದರು.
ಗೋಣಿಯೊಳಗಿನ ಗಡ್ಡೆಗೆ ಕೊಡತಿಯಲ್ಲಿ ಹೊಡೆದೆ.
ಅಂಗೈಯಷ್ಟು ಚೂರೊಂದು ಚಿಮ್ಮಿ
ಟಾರಿನ ಮೇಲೆ ಜಾರುತ್ತಾ ಚರಂಡಿಯ ಕಡೆ ಹೊರಟಿತು.
ನಾನು ಲೋಟ ತೊಳೆಯುತ್ತಿದ್ದೆ, ನೋಡಲೂ ಇಲ್ಲ.
ಕಾಲು ತಾನಾಗಿ ಅಡ್ಡ ಹೋಯಿತು.

ನಿಂತಿತು.
ತೊಳೆದು ಹಾಕಿದೆ.
ಯಾರೂ ಏನೂ ಅನ್ನಲಿಲ್ಲ.