ನಾಮಿನಿ

ನಾನು ಫೋನ್ ಮಾಡಿದರೆ ಯಾರೂ ಹಲೋ ಅನ್ನುವುದಿಲ್ಲ,
"ಎಷ್ಟೋ ಮಾರಾಯ ಈ ಸಲ?" ಅನ್ನುತ್ತಾರೆ.
ಇಪ್ಪತ್ತಾರು ವರ್ಷದ ವಿಮೆ ಏಜೆಂಟನಿಗೆ
ಇಷ್ಟು ಕುಶಲಪ್ರಶ್ನೆ ಸಾಕು.

ತುಂಗೆಯ ಆಚೆ ದಡದ ಕಾಲೇಜು,
ಬಿ.ಎಸ್ಸಿ., ತೊಂಬತ್ಮೂರರ ಬ್ಯಾಚು, ನಲವತ್ತೊಂದು ಜನ.
ಕೊನೇ ಬೆಂಚಿನಿಂದ ಶುರುಮಾಡಿದ್ದೆ.
ಮುಂದಿನ ಬೆಂಚಿನವರು
ಮಕ್ಕಳಾದ ಮೇಲೆ ತಾವಾಗಿ ಬಂದರು.

ಉಳಿದವರಿಗೆ ಒಬ್ಬರನ್ನೊಬ್ಬರು ನೆನೆಯಲು
ಟೂರಿದೆ, ಒಡೆದ ಪಿಪೆಟ್ಟಿದೆ, ಕಾಪಿ ಹೊಡೆದ ಕಥೆಯಿದೆ.
ನನಗೆ ಅವರೆಲ್ಲ ತಾರೀಖು.
ಮಾರ್ಚ್ ಒಂಬತ್ತು ಷಡಕ್ಷರಿ, ಅರ್ಧವಾರ್ಷಿಕ.
ಫಿಲೋಮಿನಾಗೆ ಸಕ್ಕರೆ ಕಾಯಿಲೆ ಎಂದು
ಅವಳ ಗಂಡನಿಗಿಂತ ಮೊದಲು ತಿಳಿದವನು ನಾನು.
ಕಲೀಮುಲ್ಲಾನ ಎತ್ತರ ಐದಡಿ ಆರಂಗುಲ,
ಅವನು ಹೇಳಿಕೊಂಡು ತಿರುಗುವುದು ಎಂಟು.
ವಾಗ್ದೇವಿಯ ಬಲಗೆನ್ನೆಯ ಮಚ್ಚೆಯನ್ನು
ಗುರುತಿನ ಚಿಹ್ನೆಯ ಕಾಲಮಿನಲ್ಲಿ ಬರೆದೆ
ಕೇಳದೆ, ತಲೆ ಎತ್ತದೆ.
ಕೆಮಿಸ್ಟ್ರಿ ಲ್ಯಾಬಿನಲ್ಲಿ ಮೂರು ವರ್ಷ
ಎದುರು ಬದಿ ನಿಂತವನಿಗೆ
ಅಷ್ಟಾದರೂ ಗೊತ್ತಿರಬೇಕಲ್ಲ.

ನಾಲ್ಕು ವರ್ಷದ ಹಿಂದೆ ತೀರ್ಥಪ್ಪ ಸಾಗರದಿಂದ ಬಂದ.
ಗೋಪಿ ಸರ್ಕಲ್ಲಿನ ಬಳಿ, ನಿಂತೇ ಕುಡಿಯುವ ಹೋಟೆಲು.
"ನಾಮಿನಿ ಬದಲಾಯಿಸಬೇಕು.
ಅವಳ ಹೆಸರು ತೆಗಿ, ತಂಗೀದು ಹಾಕು."
ಕಾರಣ ಹೇಳಲಿಲ್ಲ.
ಕಾಫಿಯ ಕೆನೆಯನ್ನು ಊದಿ ಊದಿ
ಲೋಟದ ಒಂದು ಬದಿಗೆ ತಳ್ಳಿದ,
ಅದು ಮತ್ತೆ ನಡುವಿಗೆ ಬಂತು.
"ಆಯ್ತು, ಫಾರಂ ತರ್ತೀನಿ" ಅಂದೆ.

ಫಾರಂ ನನ್ನ ಚೀಲದಲ್ಲೇ ಇತ್ತು.
ಯಾವಾಗಲೂ ನಾಲ್ಕೈದು ಇರುತ್ತವೆ.

ಅವನ ಮದುವೆಗೆ ನಾವೆಲ್ಲ ಲಾರಿ ಹತ್ತಿ ಹೋಗಿದ್ದೆವು.
ಆನಂದಪುರದಲ್ಲಿ ಪಂಕ್ಚರ್;
ತಲುಪುವಷ್ಟರಲ್ಲಿ ಎಲೆ ಎತ್ತಿ ಆಗಿತ್ತು.
ಪುಷ್ಪಾವತಿ ಬಾಸಿಂಗ ಬಿಚ್ಚದೆ ಅಡುಗೆಯವರ ಹತ್ತಿರ ಹೋಗಿ
ಹನ್ನೊಂದು ಜನಕ್ಕೆ ಮತ್ತೆ ಅನ್ನ ಮಾಡಿಸಿದಳು.
ತಿಂಗಳು ಕಳೆದು ಪಾಲಿಸಿ ಬರೆಯುವಾಗ
'ಸಂಬಂಧ' ಎಂಬಲ್ಲಿ 'ಹೆಂಡತಿ' ಎಂದು ಬರೆದು
ಪೆನ್ನು ಹಿಡಿದುಕೊಂಡೇ ನಕ್ಕಿದ್ದ ತೀರ್ಥಪ್ಪ.
ಆ ಪದವನ್ನು ಅವನು ಬರೆದದ್ದು ಅದೇ ಮೊದಲಂತೆ.

ಆರು ತಿಂಗಳಿಗೆ ಕೇಳಿದ: "ತಂದ್ಯಾ?"
"ಅಯ್ಯೋ, ಮರೆತೆ ಮಾರಾಯ."
ಮರುವರ್ಷ, ಸ್ಟಾಕ್ ಇಲ್ಲ.
ಅದರ ಮರುವರ್ಷ, ಸರ್ವರ್ ಡೌನ್.
ಅವನೇ ಬ್ರಾಂಚಿಗೆ ಹೋಗಿದ್ದರೆ ಹತ್ತು ನಿಮಿಷದ ಕೆಲಸ.
ಅವನಿಗೂ ಅದು ಗೊತ್ತು.

ಇದು ತಪ್ಪು. ನನಗೂ ಗೊತ್ತು.
ನಾಳೆ ಏನಾದರೂ ಆಗಿ ಆ ತಂಗಿ ಬಾಗಿಲಿಗೆ ಬಂದರೆ
ಯಾವ ಮುಖ ಇಟ್ಟುಕೊಂಡು ನಿಲ್ಲಲಿ?
ರಾತ್ರಿ ಕೆಲವೊಮ್ಮೆ ಎದ್ದು ನೀರು ಕುಡಿಯುತ್ತೇನೆ,
ಹೆಂಡತಿ ಕೇಳಿದರೆ ಅಸಿಡಿಟಿ ಅನ್ನುತ್ತೇನೆ.

ಮೊನ್ನೆ ಗಾಜನೂರಿನಲ್ಲಿ ಹದಿನೇಳು ಜನ ಸೇರಿದ್ದೆವು.
"ಇವನ ಪಕ್ಕ ಕೂರಬೇಡ್ರೋ, ಸಹಿ ಹಾಕಿಸ್ತಾನೆ!"
ಪ್ರತಿ ಸಲದ ಮಾತು, ಪ್ರತಿ ಸಲದ ನಗು.
ತೀರ್ಥಪ್ಪ ಬಂದು ಪಕ್ಕದಲ್ಲೇ ಕೂತ.
ಒಬ್ಬನೇ ಬಂದಿದ್ದ; ನಾನು ಕೇಳಲಿಲ್ಲ.
ಸಾರು ಅನ್ನ ಮುಗಿದ ಮೇಲೆ, ಎಲೆ ನೋಡುತ್ತ,
"ಆ ಫಾರಮ್ಮು..."
"ಮುಂದಿನ ವಾರ."
"ಕಾಲೇಜಲ್ಲೂ ಹೀಗೇ ನೀನು,
ರೆಕಾರ್ಡ್ ಬುಕ್ ಇಸ್ಕೊಂಡು ಹೋದ್ರೆ ಮುಗೀತು"
ಎಂದು, ತನ್ನ ಹೋಳಿಗೆ ಎತ್ತಿ ನನ್ನ ಎಲೆಗೆ ಹಾಕಿದ.

ಮನೆಗೆ ಬಂದು ಚೀಲ ತೆರೆದೆ.
ಫಾರಮಿನ ಮಡಿಕೆ ಸವೆದು, ಅಂಚು ಹಳದಿಯಾಗಿದೆ.
ಹೊಸ ನಮೂನೆ ಬಂದು ವರ್ಷವಾಯಿತು,
ಈಗ ಇದು ನಡೆಯುವುದೂ ಇಲ್ಲ.
ಎಸೆಯಲು ಹೋಗಿ, ಮತ್ತೆ ಅಲ್ಲೇ ಇಟ್ಟೆ.

ಅವನ ಕಂತು ಇಪ್ಪತ್ತೆರಡಕ್ಕೆ.
ಫೋನ್ ಮಾಡಬೇಕು.