ಇಲ್ಲದ ಅಡುಗೆ

ಚಿಂತಾಮಣಿಯ ನಮ್ಮ ಗ್ರಂಥಾಲಯದಲ್ಲಿ, ಕಿಟಕಿ ಪಕ್ಕದ ಬೀರುವಿನಲ್ಲಿ
ರಟ್ಟು ಹರಿದ ಪುಸ್ತಕವೊಂದಿದೆ.
ಹೆಸರಿನ ಮೊದಲ ಪದ ಗೆದ್ದಲಿಗೆ ಹೋಯಿತು.
ಉಳಿದದ್ದು: ‘ಇಲ್ಲದ ಅಡುಗೆ’.
ಏನಿಲ್ಲದ್ದು ಅಂತ ಕೇಳಿದವರಿಗೆ
ಒಳಗೆ ನೋಡಿ ಅನ್ನುತ್ತೇನೆ.
ಒಳಗೆ ಎಣ್ಣೆಯಿಲ್ಲ, ತುಪ್ಪವಿಲ್ಲ,
ಕಾಯಿತುರಿ ಒಂದು ಚಮಚ, ಅದೂ ಹಬ್ಬಕ್ಕೆ,
ಕಡಲೆಬೀಜ ಎಣಿಸಿ ಆರು.

ಸ್ಟೆಂಟ್ ಹಾಕಿಸಿಕೊಂಡವರು, ಅವರ ಹೆಂಡತಿಯರು
ಒಯ್ಯುತ್ತಾರೆ ಇದನ್ನು.
ಹದಿನೈದು ದಿನದ ಗಡುವು ಯಾರಿಗೂ ಬೇಕಾಗುವುದಿಲ್ಲ,
ನಾಲ್ಕನೇ ದಿನಕ್ಕೇ ಮೇಜಿನ ಮೇಲಿಟ್ಟು
ಮುಖ ನೋಡದೆ ಹೋಗುತ್ತಾರೆ.
ಅಂಚಿನಲ್ಲಿ ಬರೆದು ಹೋದವರೂ ಇದ್ದಾರೆ.
‘ನೀರಿನಲ್ಲಿ ಒಗ್ಗರಣೆ’ ಎಂಬಲ್ಲಿ ಯಾರದೋ ಪೆನ್ಸಿಲ್ಲು:
ಸಾಸಿವೆ ಮುಳುಗಿತು. ಸಿಡಿಯಲಿಲ್ಲ.
ಅದರ ಕೆಳಗೆ ಬೇರೆ ಕೈ:
ಬರೀ ಬಾಣಲೆಯಲ್ಲಿ ಹುರಿಯಿರಿ, ಮುಚ್ಚಳ ಹಿಡಿದುಕೊಳ್ಳಿ.
ಅರವತ್ತೊಂದನೇ ಪುಟದ ಎಣ್ಣೆರಹಿತ ಪೂರಿಗೆ
ಬರೀ ಒಂದು ಪ್ರಶ್ನಾರ್ಥಕ ಚಿಹ್ನೆ,
ಕಾಗದ ತೂತಾಗುವಷ್ಟು ಒತ್ತಿ.

ಚೇಳೂರು ರಸ್ತೆಯ ಗಾಣದ ಪಿಳ್ಳಾಂಜಿನಪ್ಪ ಬಂದದ್ದು ಕಾರ್ತಿಕದಲ್ಲಿ,
ಚಪ್ಪಲಿ ಹೊರಗೇ ಬಿಟ್ಟು, ದೇವಸ್ಥಾನಕ್ಕೆ ಬಂದ ಹಾಗೆ.
ಮೂರು ತಲೆಮಾರು ಎಣ್ಣೆ ತೆಗೆದ ಮನೆ.
ಡಾಕ್ಟರು ಚೀಟಿಯಲ್ಲಿ ಬರೆದದ್ದು ಒಂದೇ ಸಾಲು.
‘ನೋಡಮ್ಮಾ, ನಾಕು ಬೀದಿ ಒಗ್ಗರಣೆ ನಮ್ಮೆಣ್ಣೇಲಿ ಸಿಡೀತದೆ,
ನನ್ನ ತಟ್ಟೆಗೆ ಒಂದು ತೊಟ್ಟಿಲ್ಲ.’
ನಕ್ಕರು. ನಾನೂ ನಕ್ಕು ಮುದ್ರೆ ಒತ್ತಿದೆ.

ಸರಿಯಾಗಿ ಹದಿನೈದನೇ ದಿನ ಬಂದು ಮುಂದುವರಿಸಿದರು.
ಮತ್ತೆ ಹದಿನೈದನೇ ದಿನ. ಮತ್ತೆ.
ಏನೇನು ಮಾಡಿಸಿಕೊಂಡಿರಿ ಎಂದೆ.
‘ಅಲಮೇಲು ಒಂದ್ಸಲ ತಿರುವಿ ನೋಡಿದ್ಲು,
ಉಪ್ಸಾರಿಗೆ ಪುಸ್ತಕ ಯಾಕೆ ಅಂದ್ಲು. ಅಷ್ಟೇ.’
ಹಾಗಾದರೆ ಇದು?

ಮಾತಾಡದೆ ತೆರೆದರು. ಬೆರಳಿಗೆ ದಾರಿ ಗೊತ್ತಿತ್ತು.
ನಲವತ್ತೇಳು. ಪಡವಲಕಾಯಿ ಪಲ್ಯ, ಆವಿಯಲ್ಲಿ.
ನಡುವೆ ರೂಪಾಯಿ ಅಗಲದ ಕಲೆ,
ಹಿಂದಿನ ಪುಟದ ಅಕ್ಷರ ಇತ್ತ ಇಣುಕುವಷ್ಟು ತೆಳು.
ಮೂಗಿಗೆ ಹಿಡಿದು ಕಣ್ಣು ಮುಚ್ಚಿದರು.
‘ಹುಚ್ಚೆಳ್ಳು. ನಮ್ಮ ಗಾಣದ್ದೇ.
ಹೋದ ವರ್ಷದ ಮಾಲು, ಬೀಜ ಒಂಚೂರು ಜಾಸ್ತಿ ಕಾದಿತ್ತು.
ಯಾರಮ್ಮಾ ತಿಂದ್ಕೊಂಡು ಓದ್ದೋರು?’

ರಿಜಿಸ್ಟರು ತಿರುವಿದ ಹಾಗೆ ಮಾಡಿದೆ.
ಮಧ್ಯಾಹ್ನ ಎರಡಕ್ಕೆ ಓದುವ ಮೇಜು ಖಾಲಿ,
ಪೇಪರು ಓದುವವರು ಮನೆಗೆ ಹೋಗಿ ಮಲಗಿರುತ್ತಾರೆ.
ಡಬ್ಬಿ ಬಿಚ್ಚಿ, ಹುಚ್ಚೆಳ್ಳು ಪುಡಿಗೆ ಎಣ್ಣೆ ಕಲಸಿ,
ಒಂದು ಕೈಯಲ್ಲಿ ತುತ್ತು, ಇನ್ನೊಂದರಲ್ಲಿ ಪುಟ.
ಅಡುಗೆ ಪುಸ್ತಕ ಊಟದ ಹೊತ್ತಿಗೇ ಓದುವುದು
ಯಾವ ರಿಜಿಸ್ಟರಿನಲ್ಲೂ ಇಲ್ಲದ ನನ್ನ ಚಟ.
ಕೈ ತಪ್ಪಿ ಬಿದ್ದದ್ದು ಒಂದೇ ತೊಟ್ಟು,
ಅದಕ್ಕೆ ಎಂಟು ದಿನ ನಿದ್ದೆ ಕೆಟ್ಟಿದ್ದೆ.
‘ತುಂಬಾ ಕೈ ದಾಟಿದೆ ಸ್ವಾಮೀ, ಗೊತ್ತಾಗಲ್ಲ’ ಎಂದೆ.

ಯುಗಾದಿ ಕಳೆದು ಬಿಸಿಲು ಬಲಿತ ಮೇಲೆ ಬಂದರು.
ಬಾಗಿಲಲ್ಲೇ ಒಮ್ಮೆ ಪುಟಕ್ಕೆ ಮೂಗು ಹಚ್ಚಿದರು,
ಇನ್ನೊಮ್ಮೆ.
ಪುಸ್ತಕ ಮೇಜಿನ ಮೇಲೆ ಇಟ್ಟರು,
ತುಂಬಿದ ಪಾತ್ರೆ ಇಡುವಷ್ಟು ಮೆಲ್ಲಗೆ.
‘ಸಾಕು ಬುಡಮ್ಮ. ಬೇರೆ ಯಾರಿಗಾದ್ರೂ ಬೇಕಾದೀತು.’

ರಟ್ಟು ಹಾಳಾಗಿದೆ, ಅಂಟು ಹಾಕಬೇಕು,
ಗುರುವಾರ ಒಂದು ಸಲ ಬನ್ನಿ ಎಂದೆ.
ಅಂಟಿಗೂ ತಮಗೂ ಏನು ಸಂಬಂಧ ಅಂತ ಅವರು ಕೇಳಲಿಲ್ಲ.

ಎರಡು ಹೊಡೆಯಿತು. ಫ್ಯಾನು ಆರಿಸಿದೆ.
ನಲವತ್ತೇಳನೇ ಪುಟ ತೆರೆದಿಟ್ಟು
ಡಬ್ಬಿ ಬಿಚ್ಚಿದೆ.
ಕೈ ಒರೆಸುವ ಬಟ್ಟೆ
ಚೀಲದಲ್ಲೇ ಇತ್ತು.