ಮಧ್ಯದ್ದು

ಮಾಮೂಲುಪೇಟೆ, ಮೂರಡಿ ಅಗಲದ ಫ್ಯಾನ್ಸಿ ಸ್ಟೋರು.
"ಪ್ರೈಮರ್ ಬೇಕಾ?" ಅಂದ ಅಂಗಡಿ ಹುಡುಗ.
ಮೋನಿಷ ನನ್ನ ಮುಖ ನೋಡಿದ್ಲು, ನಾನು ನಕ್ಕೆ.
ಇಪ್ಪತ್ತೆಂಟು ವರ್ಷ ಆಯ್ತು ನಾನು ಪ್ರೈಮರ್ ಬಳಿಯೋಕೆ ಹಿಡಿದು,
ಮುಖಕ್ಕೂ ಒಂದು ಇದೆ ಅಂತ
ಗೊತ್ತಾಗಿದ್ದು ಇವತ್ತು.

ಸೋಮವಾರದಿಂದ ಅವಳಿಗೆ ಕೆಲಸ,
ರಾಜಾಜಿನಗರದ ಕಣ್ಣಾಸ್ಪತ್ರೇಲಿ, ಬಾಗಿಲ ಎದುರಿನ ಮೇಜು.
"ನೀಟಾಗಿ ಬರಬೇಕು" ಅಂದಿದ್ದಾರಂತೆ.
ಅಲ್ಲಿಗೆ ಬರೋರೆಲ್ಲ ಕಣ್ಣಿಗೆ ಡ್ರಾಪ್ಸ್ ಬಿಟ್ಕೊಂಡು
ಲೋಕವೇ ಮಂಜಾಗಿ ಕೂತಿರ್ತಾರೆ,
ಯಾರಿಗೆ ಕಾಣಬೇಕಮ್ಮ ಇದೆಲ್ಲ, ಅಂದೆ.
ನಂಗೆ, ಅಂದ್ಲು.
ಆಮೇಲೆ ನಾನು ಮಾತಾಡಲಿಲ್ಲ.

ಜೇಬಲ್ಲಿ ಸಾವಿರದೈನೂರು.
ಹುಡುಗ ಗಾಜಿನ ಮೇಲೆ ಹರವಿದ್ದು ಐದು ಸಾವಿರದ ಸಾಮಾನು:
ಇಪ್ಪತ್ನಾಲ್ಕು ಬಣ್ಣದ ರೆಪ್ಪೆ ಡಬ್ಬಿ,
ಹನ್ನೆರಡು ಬ್ರಷ್ಷಿನ ಚೀಲ, ಮೂಗನ್ನ ಚೂಪು ಮಾಡೋ ಕಂದು ಪುಡಿ.
ಹೊಸ ಮನೆ ಕಟ್ಟಿಸಿದೋರೂ ಹಿಂಗೇ,
ಮೊದಮೊದಲು ರೂಮಿಗೊಂದು ಬಣ್ಣ ಕೇಳ್ತಾರೆ.
ಮೂರು ತಿಂಗಳಿಗೆ ಫೋನು:
"ಮುನಿಯಲ್ಲಪ್ಪ, ಆ ನೇರಳೆ ಗೋಡೆ ತೆಗೆದುಬಿಡಪ್ಪ, ನಿದ್ದೆ ಬರ್ತಿಲ್ಲ."

ಬಾಟಲಿ ತೋರಿಸ್ದ. ಐವರಿ.
ಈ ಐವರಿ ನಂಗೆ ಗೊತ್ತು ಕಣಯ್ಯಾ,
ಥಣಿಸಂದ್ರದಲ್ಲಿ ನೂರಾ ನಲವತ್ತು ಫ್ಲಾಟಿಗೆ ಹೊಡೆದಿದ್ದೀನಿ.
ನನ್ನ ಮಗಳು ಗೋಡೆಯಲ್ಲ.
ಅವಳದು ಅವರಜ್ಜಿ ಬಣ್ಣ, ಹೊಸ ಹುಣಸೆಹಣ್ಣಿನದು,
ಒಳಗೆಲ್ಲೋ ಒಂಚೂರು ಕೆಂಪು.
"ಇದು ಹಾಕಿದ್ರೆ ಒಂದು ಶೇಡ್ ಬ್ರೈಟ್ ಆಗ್ತಾರೆ ಅಂಕಲ್."
ಯಾಕಾಗಬೇಕು?

ಕೈ ಹಿಡಿದು ರಸ್ತೆಗೆ ಕರಕೊಂಡೋದೆ.
ಟ್ಯೂಬ್‌ಲೈಟಿನ ಕೆಳಗೆ ಎಲ್ಲ ಬಣ್ಣವೂ ಸುಳ್ಳು ಹೇಳುತ್ತೆ.
ತಳ್ಳೋ ಗಾಡಿಗಳ ನಡುವೆ, ಹನ್ನೊಂದರ ಬಿಸಿಲಲ್ಲಿ,
ಮೂರು ಬಾಟಲಿಯಿಂದ ದವಡೆ ಮೇಲೆ ಮೂರು ಗೀರು ಎಳೆದೆ.
ಹಳೇ ಗೋಡೆಗೆ ಹಚ್ಚಿದ ತೇಪೆ ಕಾಣಬಾರದ ಹಂಗೆ
ಮುಖ ಎಲ್ಲಿ ಮುಗೀತು, ಕತ್ತು ಎಲ್ಲಿ ಶುರು, ಕಾಣಬಾರದು.
ಸ್ಕೂಟರಿನವನೊಬ್ಬ ಹಾರ್ನ್ ಹೊಡೆದ, ನಿಂತ, ನೋಡಿದ,
"ಮಧ್ಯದ್ದು ಸಾರ್" ಅಂತಂದು ಹೋದ.
ಮಧ್ಯದ್ದೇ ಸರಿ ಇತ್ತು.

ತಗೊಂಡಿದ್ದು ಆ ಬಾಟಲಿ, ಚಿಕ್ಕದು.
ಬಿಸಿಲಿಗೆ ಹಚ್ಚೋ ಕ್ರೀಮು, ಕಾಡಿಗೆ ಕಡ್ಡಿ, ಒಂದು ಸ್ಪಂಜು.
ಒಂದೇ ಒಂದು ಲಿಪ್‌ಸ್ಟಿಕ್, ಇಟ್ಟಿಗೆ ಬಣ್ಣದ್ದು,
ಅದನ್ನೇ ಬೆರಳ ತುದೀಲಿ ಕೆನ್ನೆಗೂ ಸವರ್ತಾಳಂತೆ.
ಯಾರು ಕಲಿಸಿದ್ರೋ. ನಾವೂ ಹಂಗೇ,
ಗೇಟಿಗೆ ತಂದ ಡಬ್ಬದಲ್ಲೇ ಕಿಟಕಿ ಸರಳು ಮುಗಿಸ್ತೀವಿ.
ಪ್ರೈಮರ್ ಬೇಡ ಅಂದೆ, ಹತ್ತೊಂಬತ್ತು ವರ್ಷದ ಗೋಡೆ,
ಇನ್ನೂ ಒಂದು ಬಿರುಕಿಲ್ಲ.
(ಗೋಡೆಯಲ್ಲ ಅಂದೋನೂ ನಾನೇ. ಏನು ಮಾಡೋದು,
ಬಾಯಿಗೆ ಬರೋದು ಅದೇ.)

ರಾತ್ರಿ ಅವರಮ್ಮ ಒಂದೊಂದೇ ತೆರೆದು ಮೂಸಿ ನೋಡಿದ್ಲು.
"ನನ್ನ ಮದುವೇಲಿ ಒಂದು ಪೌಡರ್ ಡಬ್ಬ,
ಅದೂ ಪಕ್ಕದ ಮನೇದು."
ಬಚ್ಚಲಿಗೆ ಹೋಗಿ ಬಂದಾಗ ತುಟಿ ಇಟ್ಟಿಗೆ ಬಣ್ಣ.
ಕಂಡೂ ಕಾಣದ ಹಂಗೆ ಊಟಕ್ಕೆ ಕೂತ್ವಿ.
ಮುದ್ದೆ ನುಂಗಿ ಸಾರು ಸುರಿದು ಮುಗಿಯೋ ಹೊತ್ತಿಗೆ
ಬಣ್ಣವೂ ಹೋಗಿತ್ತು.

ನಂಗೆ ಗೊತ್ತಿರೋದನ್ನ ಮಗಳಿಗೆ ಹೇಳಿದೆ:
ಸ್ಪಂಜು ದಿನಾ ತೊಳಿ.
ನಿನ್ನೇ ಬಣ್ಣದ ಮೇಲೆ ಇವತ್ತಿಂದು ಹಚ್ಚಬೇಡ.
ತೆಳ್ಳಗೆ ಎಳಿ, ಆರೋಕೆ ಬಿಡು, ಅವಸರ ಬೇಡ.
ನನ್ನ ಮುಖದ ಮೇಲೂ ಬೇಕಾದಷ್ಟು ಬಣ್ಣ ಬಿದ್ದಿದೆ,
ಸೂರಿನಿಂದ, ಹನಿ ಹನಿಯಾಗಿ,
ಸೀಮೆಎಣ್ಣೆ ಬಟ್ಟೇಲಿ ಒರೆಸಿಕೊಂಡು ಬಸ್ಸು ಹತ್ತಿದ್ದೀನಿ.
ಯಾವ ಶೇಡು ಅಂತ ಯಾರು ಕೇಳಿದ್ರು.

ಸೋಮವಾರ, ಏಳು ಗಂಟೆ, ಕಾಮಾಕ್ಷಿಪಾಳ್ಯ.
ಹೊಸಲ ಹತ್ರ ಬೆಳಕಿಗೆ ಮುಖ ಕೊಟ್ಟು ನಿಂತ್ಲು.
"ಹೆಂಗಿದೆಯಪ್ಪ?"
ಕೆಲಸ ಒಪ್ಪಿಸೋ ದಿನ ನೋಡೋ ಹಂಗೆ
ಓರೆಯಾಗಿ ನಿಂತು, ಒಂದು ಕಣ್ಣು ಮುಚ್ಚಿ ನೋಡಿದೆ.
ಎಡಗಿವಿ ಹತ್ರ ಒಂಚೂರು ಬಿಟ್ಟೋಗಿದೆ, ಅಂದೆ.
ಬೆರಳಲ್ಲಿ ಸವರಿಕೊಂಡು, ಚಪ್ಪಲಿ ಮೆಟ್ಟಿ
ಓಡಿದ್ಲು. ಬಸ್ಸು ಬಂದಿತ್ತು.